ಚಾವಡಿ ಗೋಡೆಯ ಪಾಳಿ

೯-೮-೨೦೨೧, ಬೆಳಗ್ಗೆ

ಕಾಲುವೆ ನೀರು ಹಂಚುವ ನಮ್ಮ ಸೊಸೈಟಿಯ ಬಾಗಿಲು ತೆಗೆದೆ, ಕಸ ಗುಡಿಸಿದೆ, ಈ ವಾರದ ನೀರಿನ ಪಾಳಿ ಮೊಬೈಲಿನಲ್ಲಿ ಹಾಕಿದೆ. ಪಾಳಿ ಹಾಕುವ ಸಾಫ್ಟ್‌ವೇರ್ ನಾನೇ ಕಟ್ಟಿದ್ದು. ತೂಬಿನ ಡಬ್ಬಿಯ ಐಡಿಯಾವೂ ನನ್ನದೇ— ಕಾಲುವೆ ನೀರು ಇಳಿದರೆ ತೇಲುವ ಡಬ್ಬಿಯೂ ಇಳಿಯುತ್ತದೆ, ಮೇಲಿನ ಹೊಲದವರ ಗೇಟು ತಾನೇ ಮುಚ್ಚುತ್ತದೆ, ನೀರು ಕೊನೆಯ ಹೊಲಕ್ಕೆ ಹೋಗುತ್ತದೆ. ಮಾಡಿಕೊಟ್ಟವರು ಶಹಾಪುರದ ವೆಲ್ಡಿಂಗ್ ಅಂಗಡಿಯ ಸರದಾರಸಾಬ.

ನಿನ್ನೆ ಒಬ್ಬ ಗುತ್ತಿಗೆದಾರ ಡಬ್ಬಿಯ ಫೋಟೋ ಹೊಡೆದ. "ಭಾರಿ ಐತ್ರಿ! ಯಾರ ತೆಲಿ ಓಡ್ಸಿದ್ದು?" ಅಧ್ಯಕ್ಷ ಖಂಡಪ್ಪನವರು "ನಂದ" ಎಂದುಬಿಟ್ಟರು. ಪೇಟೆಂಟ್ ಮಾಡಿಸಬೇಕು. ನನ್ನ ಹೆಸರಲ್ಲಿ.

೧೧-೮

ಕಲಬುರಗಿಯ ಪೇಟೆಂಟ್ ಏಜೆಂಟ್ ಮೌನಮ್ಮ ಮೇಡಂಗೆ ಫೋನ್ ಮಾಡಿದೆ.

"ಬರೇ ಐಡಿಯಾಕ್ಕ ಸಿಗಂಗಿಲ್ರಿ."

"ಸಾಫ್ಟ್‌ವೇರ್‌ಗಿ?"

"ಅದೊಂದಕ್ಕೇ ಅಂದ್ರ ಇಲ್ಲ."

"ಪಾಳಿ ಹಚ್ಚೋ ರೀತಿಗಿರಿ?"

"ಅದು ಒಕ್ಕಲುತನದ ಪದ್ಧತಿ. ಇಲ್ಲ. ಡಬ್ಬಿಗಿ ಸಿಗಬಹುದು, ಹೊಸಾದಿದ್ರ."

ನಾನು ಯೋಚಿಸಿದ್ದಕ್ಕೆಲ್ಲ ಇಲ್ಲ, ಸರದಾರಸಾಬ ಬೆಸೆದ ತಗಡಿಗೆ ಉಂಟು... ಹಾಗಾದರೆ ಕಂಡುಹಿಡಿದವರು ಯಾರು? ಸರದಾರಸಾಬರನ್ನೇ ಕೇಳಿದೆ. ನಕ್ಕರು. "ನೀ ಹೇಳ್ದಿ ಅಯ್ಯಮ್ಮ, ನಾ ಬಗ್ಗಿಸ್ದೆ. ಇಬ್ಬರ ಹೆಸ್ರೂ ಬರಿ, ಬೇಟಿ."

೨೦-೮

ಮೇಡಂ ಕಳಿಸಿದ ಅರ್ಜಿ ನಮೂನೆ ಬಂತು. ಹಿಂದೆಯೇ ಅವರ ಫೋನು— "ಮೊದ್ಲೇ ಊರಾಗ ತೋರ್ಸೀರೇನು? ತೋರ್ಸಿದ್ರ ಹೊಸಾದಲ್ಲ ಅಂತಾರ."

ಅಯ್ಯೋ ಶಿವನೇ! ಡಂಗುರ ಹೊಡೆಯದ ಪಾಳಿಯನ್ನು ನಮ್ಮೂರಲ್ಲಿ ಯಾರು ನಂಬುತ್ತಾರೆ? ಕಾರಹುಣ್ಣಿಮೆ ಮರುದಿನ ನಾನೇ ಡಂಗುರದ ದ್ಯಾವಪ್ಪನಿಂದ ಸಾರಿಸಿದ್ದೆ. ಚಾವಡಿ ಗೋಡೆ ತುಂಬ ಡಬ್ಬಿಯ ಚಿತ್ರ, ಅಳತೆ, ಪಾಳಿ— ನೀಲಿ ಬಣ್ಣದಲ್ಲಿ ನಾನೇ ಬರೆದದ್ದು. ದನಕರುಗಳೂ ನೋಡಿವೆ.

ಖಂಡಪ್ಪನವರು ಸಲೀಸಾಗಿ ಹೇಳಿದರು. "ಗ್ವಾಡಿಗಿ ಸುಣ್ಣಾ ಬಳಿ. ಹೊಲದಾಗಿನ ಡಬ್ಬಿ ಬರೇ ಟ್ರಯಲ್ ನೋಡಾಕ ಇಟ್ಟಿದ್ದು ಅನ್ನಾಣ." ಇವರಿಗೇಕೆ ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ? ತಿಳಿಯುತ್ತಿಲ್ಲ.

೨೧-೮

ಸುಣ್ಣದ ಬಕೆಟ್ ಹಿಡಿದು ಹೋದೆ. ಗೋಡೆಯ ಮುಂದೆ ಕೊನೆಯ ಹೊಲದ ಮರಿಲಿಂಗಮ್ಮ.

"ಅಳಿಸ್ತಿಯೇನವ್ವ? ಖಂಡಪ್ಪ ತನ್ನ ಗೇಟು ಮುಚ್ಚದಂಗ ಕಲ್ಲ ಒಟ್ಟಿದಾಗ ಈ ಗ್ವಾಡಿ ತೋರ್ಸೇ ಜಗಳಾ ಮಾಡೀನಿ. ಹದಿನಾರು ವರ್ಷಕ್ಕ ಈ ಸರ್ತಿ ನೀರು ಕಂಡೀನಿ ನಾ."

ಖಂಡಪ್ಪನವರ ಹೊಲ ಮೊದಲ ತೂಬಿನ ಪಕ್ಕದಲ್ಲೇ ಇದೆ. ಈಗ ತಿಳಿಯಿತು— ಗೋಡೆ ಅಳಿದರೆ ಪಾಳಿಗೆ ಸಾಕ್ಷಿಯೇ ಇಲ್ಲ. ತಿಳಿದರೂ... ನನಗೆ ಹೆಸರು ಬೇಕು. ನಿಜವಾಗಿ ಬೇಕು. ಬಕೆಟ್ ವಾಪಸ್ ತಂದೆ.

೨೫-೮

ಅರ್ಜಿ ತುಂಬುತ್ತಿದ್ದೇನೆ. ಕಂಡುಹಿಡಿದವರು: ಅಯ್ಯಮ್ಮ, ಸರದಾರಸಾಬ. ಎಷ್ಟು ಚಂದ ಕಾಣುತ್ತದೆ! ಎರಡು ಸಲ ಓದಿದೆ.

ಕಿಟಕಿಯಿಂದ ಗೋಡೆ ಕಾಣುತ್ತದೆ. ಸುಣ್ಣ ಬಕೆಟ್ಟಿನಲ್ಲೇ ಗಟ್ಟಿಯಾಗಿದೆ. ಮೇಡಂ ಕೇಳಿದ್ದಕ್ಕೆ ಉತ್ತರವಾಗಿ ಅರ್ಜಿಯ ಜೊತೆ ಚೀಟಿ ಬರೆದಿಡಬೇಕು. ಇಲ್ಲೇ ಮೊದಲು ಬರೆದು ನೋಡುತ್ತೇನೆ— ಹೌದ್ರಿ, ತೋರಿಸಿದ್ದೇವೆ. ಕಾರಹುಣ್ಣಿಮೆ ಮರುದಿನ, ಡಂಗುರ ಹೊಡೆಸಿ, ಇಡೀ ಊರಿಗೆ, ನಾನೇ—