ಹಿತ್ತಿಲ ಡ್ರಮ್ಮಿನ ಸದ್ದು

ಸೋಮವಾರ, ಮಧ್ಯಾಹ್ನ

ಪ್ರಯೋಗಾಲಯವೇ ತವರು ಅಂದುಕೊಂಡಿರುವ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ನುಂಗಿಕೊ. ವಿಷಯ ಇಷ್ಟೇ. ಹಿತ್ತಿಲ ಬಾವಿಯ ಪಕ್ಕ ನೀನು ನಿಲ್ಲಿಸಿ ಹೋದ ನೀಲಿ ಡ್ರಮ್ಮನ್ನು ಬಂದು ಒಯ್ಯಿ. ನನ್ನಿಂದಾಗದು.

ನೀನು ಹೇಳಿದ್ದೆಲ್ಲ ನೆನಪಿದೆ. ಹಿಂಬದಿಯ ಔಷಧಿ ಕಾರ್ಖಾನೆಯವರು ಗುಂಡಿಗೆ ಸುರಿದ ಆಂಟಿಬಯಾಟಿಕ್ ನೆಲಕ್ಕಿಳಿದು ಬಾವಿ ಸೇರಿದೆ, ಡ್ರಮ್ಮಿನ ಜಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ, ದಿನಾ ಒಂದು ಸೌಟು ಬೆಲ್ಲದ ನೀರು ಹಾಕು, ಗಾಳಿ ಊದುವ ಮೋಟಾರು ನಿಂತರೆ ಸಾಯುತ್ತವೆ ಅಂದೆ. ನಾನೂ ಕಣ್ಣಿಗೆ ಕಾಣದ ಬೀಗರಿಗೆ ಉಪಚಾರ ಮಾಡಿಕೊಂಡೇ ಬಂದೆ. ಪಕ್ಕದ ಮನೆ ದರ್ಜಿ, ಕ್ರಿಮಿಗಳಿಗೆ ಬೆಲ್ಲ, ನಮಗೆ ಬರೀ ಬೈಗುಳವಾ ಅಜ್ಜೀ ಅಂತ ಕೇಳಿದ. ಅವು ಕೆಲಸ ಮಾಡುತ್ತವೆ, ನೀನು ನನ್ನ ರವಿಕೆ ಯಾವ ಜನ್ಮಕ್ಕೆ ಹೊಲಿಯುತ್ತೀಯ ಅಂದೆ.

ಆದರೆ ಕಳೆದ ವಾರ ಫೋನಿನಲ್ಲಿ ನೀನೇ ಬಾಯಿಬಿಟ್ಟೆ. ಆ ಜೀವಿಗಳನ್ನು ಆರಿಸಿದ್ದು ನಮ್ಮ ಬಾವಿಯ ಕೆಸರಿನಿಂದಲೇ, ಅಷ್ಟು ವರ್ಷ ಔಷಧಿಯಲ್ಲೇ ಬಿದ್ದು ಸಾಯದೆ ಉಳಿದವು ಅಂತ. ನಿನ್ನಮ್ಮನ ಕಾಲಿನ ಹುಣ್ಣಿನಲ್ಲಿದ್ದವೂ ಹಾಗೇ ಅಲ್ಲವೇನೇ? ಯಾವ ಔಷಧಿಗೂ ಸಾಯುತ್ತಿಲ್ಲ ಅಂತಲೇ ಡಾಕ್ಟರು ಕೈಚೆಲ್ಲಿದ್ದು. ಅವು ಬೇರೆ ಜಾತಿಯವು ಅಂತ ನೀನಂದೆ. ಇರಬಹುದು. ಒಂದೇ ಬಾವಿಯ ನೀರು ಕುಡಿದ ಮೇಲೆ ದಾಯಾದಿಗಳಾದರೂ ಆಗಿರಬೇಕು. ಮಗಳನ್ನು ತಿಂದವರ ನಂಟರಿಗೆ ನಾನು ಬೆಲ್ಲ ಕಲಸಬೇಕೆ?

ಅದಕ್ಕಿಂತ ಕಷ್ಟ ಆ ಸದ್ದು. ಡ್ರಮ್ಮಿನೊಳಗೆ ಗುಳುಗುಳು, ಗುಳುಗುಳು. ಆಸ್ಪತ್ರೆಯಲ್ಲಿ ಅವಳ ಮೂಗಿನ ನಳಿಗೆ ಸೇರಿಸಿದ್ದ ಆಮ್ಲಜನಕದ ನೀರಿನ ಸೀಸೆಯೂ ಹೀಗೇ ಸದ್ದು ಮಾಡುತ್ತಿತ್ತು. ನೀನು ಪರೀಕ್ಷೆಗೆ ಹೋಗಿದ್ದೆ, ಕೇಳಿಸಿಕೊಳ್ಳಲಿಲ್ಲ. ಈಗ ಪಾತ್ರೆ ತೊಳೆಯುವಾಗ ಬೆನ್ನ ಹಿಂದೆಯೇ ಅವಳು ಮಲಗಿದ್ದಾಳೆ ಅನ್ನಿಸುತ್ತದೆ. ತಿರುಗಿ ನೋಡುವುದಿಲ್ಲ. ನೋಡಿದರೆ ಡ್ರಮ್ಮು ಮಾತ್ರ ಇರುತ್ತದೆ.

ಈಗ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು, ಓಣಿಯವರೆಲ್ಲ ಇನ್ನೂ ಒಂದು ಬೇಸಿಗೆ ಟ್ಯಾಂಕರಿಗೆ ಕಾಯಬೇಕು ಅನ್ನುತ್ತೀಯ. ಗೊತ್ತು. ಗೋಗರೆಯಬೇಡ. ಬಂದು ಒಯ್ಯಿ.

ಇಂತಿ,
ಮೊಂಡುತನ ನಿನಗೆ ಕೊಟ್ಟ ಅಜ್ಜಿ

ಮರೆತಿದ್ದೆ: ನಿನ್ನೆ ಕರೆಂಟು ಹೋಗಿ ಗುಳುಗುಳು ನಿಂತಿತು, ಅವತ್ತು ನರ್ಸು ಸೀಸೆಯ ತಿರುಪು ಮುಚ್ಚಿದಾಗ ನಿಂತ ಹಾಗೆಯೇ. ಅವತ್ತು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಿನ್ನೆ ಚೊಂಬಿತ್ತು. ಕರೆಂಟು ಬರುವ ತನಕ ಡ್ರಮ್ಮಿನ ನೀರು ಮೊಗೆದು, ಹಾಲು ಆರಿಸುವ ಹಾಗೆ ಎತ್ತರದಿಂದ ಹೊಯ್ಯುತ್ತಲೇ ಇದ್ದೆ. ಸೊಂಟ ಬಿದ್ದುಹೋಗಿದೆ. ಬರುವಾಗ ಬೆಲ್ಲ ತಾ, ಡಬ್ಬಿಯ ತಳ ಕಾಣುತ್ತಿದೆ.