ವಿಮಾನದ ಮೆಟ್ಟಿಲ ಮೇಲೆ ಅಮ್ಮ

ಸೆಕೊಂಡಿ, ಬಂದರು ಬೀದಿ
ಮಂಗಳವಾರ, ೧೨ ಆಗಸ್ಟ್ ೨೦೨೫

ಪ್ರೀತಿಯ ಕ್ವಾಮೆನಾ ಅಣ್ಣಾ,

ಹೇಗಿದ್ದೀ? ರಕ್ತದೊತ್ತಡದ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಅತ್ತಿಗೆಯ ಮೊಣಕಾಲು ಈಗಲಾದರೂ ಅವರ ಮಾತು ಕೇಳುತ್ತಿದೆಯೇ? ಅಕ್ರಾದಲ್ಲೂ ಮೋಡ ಕವಿದು ಚಳಿ ಎಂದು ಕೇಳಿದೆ. ಬನಿಯನ್ ಹಾಕಿಕೊಂಡು ಮಲಗು. ನೀನು ಕೆಮ್ಮಿದರೆ ನಿನ್ನ ಕಚೇರಿಯೇ ಕೆಮ್ಮುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಚೆನ್ನಾಗಿದ್ದೇನೆ. ಬೆನ್ನುನೋವು ಇದೆ, ಅದು ಮನೆಯವರಂತೆ, ಇರುತ್ತದೆ. ಈ ಕಾಲದಲ್ಲಿ ಕಾಗದ ಯಾಕೆ ಬರೆದಳು ಎಂದುಕೊಳ್ಳಬೇಡ. ಫೋನಿನಲ್ಲಿ ಜಗಳ ತೆಗೆದರೆ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಸಿಗ್ನಲ್ ಬೇಡ, ಓದುವ ಕಣ್ಣಿದ್ದರೆ ಸಾಕು. ಅಕ್ರಾ ಬಸ್ಸಿನ ಡ್ರೈವರ್ ಯೂಫಿಯ ಕೈಯಲ್ಲಿ ಕಳಿಸುತ್ತೇನೆ.

ಇವತ್ತು ಮಂಗಳವಾರ, ಮೀನಿಗೆ ಕಡಲಿಗಿಳಿಯಬಾರದ ದಿನ. ಸಮುದ್ರಕ್ಕೆ ರಜೆ, ನನಗೆ ಸಜೆ. ದೋಣಿಗಳೆಲ್ಲ ಮರಳ ಮೇಲೆ ಮಲಗಿವೆ, ದೋಣಿಯವರೆಲ್ಲ ಸೋಪು ಹಚ್ಚಿ ಮಿಂದು, ಇಸ್ತ್ರಿ ಅಂಗಿ ತೊಟ್ಟು ನನ್ನ ಫೋಟೋ ಸ್ಟುಡಿಯೋದ ಬೆಂಚಿನ ಮೇಲೆ ಕೂತಿದ್ದಾರೆ. ಬೆಳಗಿನಿಂದ ಒಬ್ಬ ಜಲಪಾತದ ಪರದೆಯ ಮುಂದೆ ನಿಂತ, ಇನ್ನೊಬ್ಬ ಕಂಬಗಳ ಬಂಗಲೆಯ ಮುಂದೆ. ಮೂವರು ಗೆಳೆಯರು ಹಿಮ ಬಿದ್ದ ಊರಿನ ಪರದೆ ಕೇಳಿ, ಬೆವರು ಒರೆಸಿಕೊಳ್ಳುತ್ತಲೇ ಹಿಮದಲ್ಲಿ ನಿಂತು ಹೋದರು. ಒಬ್ಬನೂ ಇದು ಸುಳ್ಳಲ್ಲವೇ ಎಂದು ಕೇಳಲಿಲ್ಲ. ಹಾಗೆ ಕೇಳುವವನು ನಮ್ಮ ವಂಶದಲ್ಲೇ ಹುಟ್ಟಬೇಕಿತ್ತು.

ನಿನ್ನ ಮೆಸೇಜು ಬಂತು. ‘ಅಮ್ಮನ ವಿಮಾನದ ಫೋಟೋ ಬೇಡ. ಅವಳ ಅಂತ್ಯಸಂಸ್ಕಾರದ ಬ್ಯಾನರಿಗೆ ನಾನು ತೆಗೆದದ್ದನ್ನು ಹಾಕು. ಅದು ನಿಜವಾದದ್ದು. ನನ್ನ ಕಚೇರಿಯವರು ಬರುತ್ತಾರೆ, ನಗುತ್ತಾರೆ.’ ಓದಿದೆ, ಎರಡು ಸಲ ಓದಿದೆ. ಆಗುವುದಿಲ್ಲ. ಇನ್ನು ಮುಂದಿನದು ಯಾಕೆ ಆಗುವುದಿಲ್ಲ ಎನ್ನುವುದರ ವಿವರ, ಬೇಕಾದರೆ ಓದು.

ನೀನು ತೆಗೆದ ಫೋಟೋ ಒಳ್ಳೆಯದೇ. ಕಸುಬಿನವಳಾಗಿ ಹೇಳುತ್ತೇನೆ, ಬೆಳಕು ಚೆನ್ನಾಗಿ ಬಿದ್ದಿದೆ. ಅಮ್ಮ ಮೀನನ್ನು ಹೊಗೆಯಲ್ಲಿ ಒಣಗಿಸುವ ಒಲೆಯ ಮೇಲೆ ಬಗ್ಗಿದ್ದಾಳೆ, ಸುತ್ತ ಹೊಗೆ, ಕಣ್ಣಲ್ಲಿ ನೀರು, ಭುಜದಲ್ಲಿ ಹರಿದ ರವಿಕೆ. ಅಕ್ರಾದಲ್ಲಿ ಎಲ್ಲರೂ ಹೊಗಳಿದರಂತೆ, ಎಂಥ ಶ್ರಮ, ಎಂಥ ಮುಖ ಎಂದು. ನಿನ್ನ ಹಜಾರದಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದೀ. ಆದರೆ ಅವತ್ತು ಭಾನುವಾರ, ಅಣ್ಣಾ. ಒಲೆ ತಣ್ಣಗಿತ್ತು. ಚರ್ಚಿನಿಂದ ಬಂದು ಒಳ್ಳೆಯ ಬಟ್ಟೆಯಲ್ಲಿ ಕೂತಿದ್ದವಳನ್ನು ಎಬ್ಬಿಸಿ, ಹಳೆಯ ರವಿಕೆ ಹಾಕಿಸಿ, ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚಿಸಿ, ‘ಇನ್ನೊಂದ್ಸಲ ಬಗ್ಗಮ್ಮಾ, ಇನ್ನೊಂಚೂರು ಹೊಗೆ ಬರ್ಲಿ’ ಎಂದವನು ನೀನು. ನಿನ್ನ ಪರದೆ ಹೊಗೆಯದು, ನನ್ನ ಪರದೆ ಫ್ಲೆಕ್ಸಿನದು. ಇದರಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ನೀನೇ ಹೇಳು. ಆ ಫೋಟೋ ನೀನು ಫೋನಿನಲ್ಲಿ ಕಳಿಸಿದ ದಿನ ಅಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ನನ್ನ ಕೈಗೆ ಕೊಟ್ಟು ಹೇಳಿದ್ದು ಒಂದೇ ಮಾತು: ‘ಯಾರೇ ಈ ಮುದುಕಿ? ಕಣ್ಣೊರೆಸ್ಕೊಳ್ಳೋಕೆ ಯಾರಾದ್ರೂ ಒಂದು ಬಟ್ಟೆ ಕೊಡಬಾರ್ದಿತ್ತಾ ಇವಳಿಗೆ?’ ನಿನಗೆ ನೋವಾಗುತ್ತದೆ ಎಂದು ಇಷ್ಟು ದಿನ ಹೇಳಿರಲಿಲ್ಲ. ಈಗ ನೋವಾಗಲಿ.

ವಿಮಾನದ ಫೋಟೋ ಹೇಗಾಯಿತು ಎಂದು ನಿನಗೆ ಗೊತ್ತಿಲ್ಲ. ಅದೂ ಒಂದು ಮಂಗಳವಾರ. ಅಮ್ಮ ನಿಂಬೆಹಣ್ಣು ಉಜ್ಜಿ ಉಜ್ಜಿ ಮೈಯ ಹೊಗೆವಾಸನೆ ಕಳೆದುಕೊಂಡು, ನೀಲಿ ಬಟ್ಟೆ ಉಟ್ಟು, ತಲೆಗೆ ಗರಿಗರಿ ವಸ್ತ್ರ ಸುತ್ತಿ, ಅಜುವಾ ಅತ್ತೆಯ ಕೈಚೀಲ ಕಡ ತಂದು, ಗಿರಾಕಿಯ ಹಾಗೆ ಬೆಂಚಿನ ಮೇಲೆ ಸರದಿ ಕಾದಳು. ಮಗಳ ಅಂಗಡಿ ಎಂದು ಮುಂದೆ ನುಗ್ಗಲಿಲ್ಲ. ಸರದಿ ಬಂದಾಗ, ಕಿವಿರು ಎತ್ತಿ ಮೀನು ನೋಡುವ ಹಾಗೆ ಒಂದೊಂದು ಪರದೆಯ ಅಂಚು ಎತ್ತಿ ನೋಡಿದಳು. ಜಲಪಾತಕ್ಕೆ ‘ನೀರು ನೋಡಿ ಸಾಕಾಗಿದೆ’ ಎಂದಳು. ಬಂಗಲೆಗೆ ‘ಇಷ್ಟು ದೊಡ್ಡದನ್ನ ಗುಡಿಸೋರ್ಯಾರು?’ ಎಂದಳು. ವಿಮಾನದ ಮುಂದೆ ನಿಂತು ತಲೆವಸ್ತ್ರ ಸರಿಮಾಡಿಕೊಂಡಳು. ನಾನು ತಮಾಷೆಗೆ, ಪಕ್ಕದ ಟಕೊರಾಡಿ ದಾಟದವಳಿಗೆ ವಿಮಾನ ಯಾಕಮ್ಮಾ, ಒಲೆಯ ಹತ್ತಿರವೇ ತೆಗೆಯುತ್ತೇನೆ ಬಾ ಎಂದೆ. ಅದಕ್ಕೆ ಅವಳು, ‘ದಿನಾ ಕಾಣೋದನ್ನ ಯಾರಾದ್ರೂ ಪಟ ತೆಗೆಸ್ತಾರೇನೇ, ಪೆದ್ದಿ? ಹೊಟ್ಟೆಗೆ ಮೀನು, ಪಟಕ್ಕೆ ಬಾನು. ನಾನು ಸತ್ತಾಗ ಇದನ್ನೇ ಹಾಕು. ಎಲ್ಲಿಗೆ ಹೊರಟ್ಲು ಅಂತ ಜನ ಕೇಳ್ಲಿ’ ಎಂದಳು. ಪರದೆಯ ಮೆಟ್ಟಿಲು ನೆಲಕ್ಕೆ ತಾಗುವಲ್ಲಿ ಮೀನಿನ ಪೆಟ್ಟಿಗೆಯೊಂದಕ್ಕೆ ಬೂದು ಕಾಗದ ಸುತ್ತಿ ಇಟ್ಟಿದ್ದೇನಲ್ಲ, ಅದರ ಮೇಲೆ ಬಲಗಾಲಿಟ್ಟು, ಸೆರಗು ಹಿಡಿದು, ಹಿಂತಿರುಗಿ ನೋಡಿದಳು. ಉಸಿರು ಬಿಗಿಹಿಡಿಯಮ್ಮಾ ಎನ್ನಬೇಕಾಗಲಿಲ್ಲ. ಹಿಡಿದೇ ಇದ್ದಳು.

ಇನ್ನು ಅಮ್ಮ ತೀರಿದ ಏಳನೇ ದಿನದ ಸಭೆಯ ವಿಷಯ. ನಿನಗೆ ಅವಮಾನವಾದದ್ದು ಅಲ್ಲೇ, ಗೊತ್ತು. ಊರಿಗೆ ಹೊಸಬರಾದ ಪಾಸ್ಟರು ಗೋಡೆಯ ಮೇಲಿನ ವಿಮಾನದ ಪಟ ನೋಡಿ, ಪಾಪ, ನಂಬಿಬಿಟ್ಟರು. ‘ದೇಶ ದೇಶ ಸುತ್ತಿ ಬಂದರೂ ಒಲೆಯನ್ನು ಮರೆಯದ ಮಹಾತಾಯಿ’ ಎಂದು ಶುರುಮಾಡಿದರು. ನೀನು ತಲೆ ತಗ್ಗಿಸಿ ಬೂಟು ನೋಡಿಕೊಂಡೆ. ಆದರೆ ಅಜುವಾ ಅತ್ತೆ, ಅದೇ ಕೈಚೀಲದ ಒಡತಿ, ಹೆಂಗಸರ ಸಾಲಿನಿಂದ ಎದ್ದು ನಿಂತು ಕೂಗಿದ್ದನ್ನು ನೀನು ಕೇಳಿಸಿಕೊಂಡೆಯಾ? ‘ಹೌದು ಪಾಸ್ಟರೇ, ಹೋಗಿದ್ಲು! ನಾನೂ ಪಕ್ಕದ ಸೀಟಲ್ಲೇ ಇದ್ದೆ! ಊಟಕ್ಕೆ ಮೀನು ಕೊಟ್ರು, ಥೂ, ಒಂದು ಹರಳು ಉಪ್ಪಿಲ್ಲ! ನಿಮ್ಮ ಮಹಾತಾಯಿ ಎಕುವಾ ಎದ್ದು ನಿಂತು ಸರಿಯಾಗಿ ಝಾಡಿಸಿದ್ಲು!’ ಹೆಂಗಸರೆಲ್ಲ ನಕ್ಕು ನಕ್ಕು, ಆಮೇಲೆ ಅತ್ತು, ಮತ್ತೆ ನಕ್ಕರು. ಕಿಟಕಿಯ ಸೀಟು ತನಗಿತ್ತು ಎಂದು ಇಬ್ಬರು ಜಗಳವನ್ನೂ ಆಡಿದರು. ಅವರು ಯಾರೂ ಅಮ್ಮನನ್ನು ನೋಡಿ ನಗಲಿಲ್ಲ, ಅಣ್ಣಾ. ಅಮ್ಮನ ಜೊತೆ ಹೊರಟರು.

ಸಭೆ ಮುಗಿಸಿ ನೀನು ಅಕ್ರಾಕ್ಕೆ ವಾಪಸು ಹೋದ ಮೇಲೆ ಕೋಬಿನಾ ಮಾವ ನನ್ನನ್ನು ಕರೆಸಿದರು. ಅಮ್ಮನ ತಮ್ಮ, ಕುಟುಂಬದ ಯಜಮಾನ, ಅವರ ಮಾತು ಮೀರಿದವರಿಲ್ಲ. ‘ನಿಮ್ಮಣ್ಣ ತೆಗೆದ ಪಟವೇ ಬ್ಯಾನರಿಗೆ. ನಮ್ಮಕ್ಕ ವಿಮಾನ ಹತ್ತಿಬಿಟ್ರೆ ತೀರಿಹೋದ ಹಿರಿಯರು ಅವಳನ್ನ ಎಲ್ಲಿ ಹೋಗಿ ಕರ್ಕೊಂಡು ಬರ್ಬೇಕು, ಏರ್‌ಪೋರ್ಟಿಗಾ?’ ಎಂದರು. ಸುತ್ತ ಕೂತವರು ನಕ್ಕರು. ನಾನು ಹೇಳಿದೆ: ಮಾವ, ಮನೆಯ ಮೇಲೆ ನಿಮ್ಮ ಮಾತು ನಡೆಯಲಿ, ಜಾಗದ ಮೇಲೆ ನಡೆಯಲಿ, ಶವಾಗಾರದಿಂದ ಹೆಣ ಎತ್ತುವ ಹೊತ್ತು ನೀವು ಹೇಳಿದ್ದೇ ಆಗಲಿ. ಅವಳು ಹೇಗೆ ಕಾಣಬೇಕು ಎಂಬುದನ್ನು ಅವಳು ಹೇಳಿ ಹೋಗಿದ್ದಾಳೆ. ಆ ಮಾತನ್ನು ನಾನು ಮೀರುವುದಿಲ್ಲ, ಬೇಕಾದರೆ ನಿಮ್ಮದನ್ನು ಮೀರುತ್ತೇನೆ. ಆಮೇಲೆ ಯಾರೂ ನಗಲಿಲ್ಲ. ನಾನು ನಮಸ್ಕಾರ ಹೇಳಿ ಎದ್ದು ಬಂದೆ.

ನಿನ್ನ ಕಚೇರಿಯವರಿಗೆ ಒಲೆಯ ಅಮ್ಮ ಬೇಕು, ಯಾಕೆಂದರೆ ಆ ಹೊಗೆಯಿಂದ ನೀನು ಎಷ್ಟು ಮೇಲೆ ಬಂದೆ ಎಂದು ಅಳೆಯಬಹುದು. ಅಳೆಯಲಿ, ನಿನ್ನ ಹಜಾರದಲ್ಲಿ ನಿಂತು ಅಳೆಯಲಿ. ಬ್ಯಾನರು ಅಮ್ಮನದು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಬರುವಾಗ ಕಪ್ಪು ಬಿಳುಪಿನ ಬಟ್ಟೆ ತನ್ನಿ, ಅಮ್ಮ ತುಂಬು ಬಾಳು ಬಾಳಿದವಳು, ಅಕಾಲ ಸಾವಿನ ಕೆಂಪು ಬೇಡ. ಮೆಕ್ಕೆಜೋಳದ ಕೆಂಕಿ ಮುದ್ದೆ, ಕರಿದ ಮೀನು ಇಲ್ಲೇ ಇರುತ್ತದೆ, ಡಬ್ಬಿ ಕಟ್ಟಿಕೊಂಡು ಬರಬೇಡಿ. ದಾರಿ ಸುಖವಾಗಿರಲಿ.

ನಿನ್ನ ಹಟಮಾರಿ ತಂಗಿ,
ಅರಾಬಾ

ವಿ.ಸೂ.: ಯೂಫಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬ್ಯಾನರು ನಿನ್ನೆಯೇ ಪ್ರಿಂಟಾಗಿ ಬಂತು. ಊರ ಬಾಗಿಲ ಕೂಡುರಸ್ತೆಯಲ್ಲಿ ಕಟ್ಟಿಸಿಯೂ ಆಯಿತು, ದೋಣಿಯ ಹಾಯಿಯಷ್ಟು ಅಗಲ. ಇವತ್ತು ಬೆಳಿಗ್ಗೆ ಅಂಗಡಿ ತೆರೆಯುವಾಗ ಕೋಬಿನಾ ಮಾವ ಬಾಗಿಲಲ್ಲಿ ನಿಂತಿದ್ದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಒಳಗೆ ಬಂದು, ಚಿಲಕ ಹಾಕು ಎಂದು, ದನಿ ತಗ್ಗಿಸಿ ಕೇಳಿದರು: ‘ಆ ವಿಮಾನ ಖಾಲಿ ಇದೆಯೇನೇ?’ ಯಜಮಾನರ ಬಟ್ಟೆಯಲ್ಲಿ, ಬೆಳ್ಳಿಹಿಡಿಯ ಕೋಲು ಹಿಡಿದು ತೆಗೆಸಿಕೊಂಡಿದ್ದಾರೆ, ತಾವು ಹೋಗುವ ದಿನಕ್ಕೆ. ಯಾರಿಗೂ ಹೇಳಬೇಡ ಎಂದಿದ್ದಾರೆ, ಅದಕ್ಕೇ ನಿನಗೊಬ್ಬನಿಗೇ ಹೇಳುತ್ತಿದ್ದೇನೆ. ಅಲ್ಲಿಗೆ ನಿನ್ನ ಕಡೆ ಯಾರೂ ಉಳಿಯಲಿಲ್ಲ. ಶುಕ್ರವಾರ ಸಂಸ್ಕಾರಕ್ಕೆ ಬರುವ ನಿನ್ನ ಕಾರು ಕೂಡುರಸ್ತೆಯಲ್ಲಿ ತಿರುಗುವಾಗ ಮೊದಲು ಕಾಣುವುದು ಅವಳೇ. ಕಚೇರಿಯವರು ಜೊತೆಗಿದ್ದರೆ ಇರಲಿ. ಇಳಿದು ಕೈಬೀಸು. ನೀನು ಊರು ಬಿಟ್ಟಾಗಲೆಲ್ಲ ಬಸ್ಸು ಮರೆಯಾಗುವ ತನಕ ಅವಳು ಕೈಬೀಸಿದ್ದಾಳೆ. ಈ ಸಲ ಹೊರಟಿರುವುದು ಅವಳು.