ಉಬ್ಬರಕ್ಕೇ ಬರುವ ದೋಣಿ

ಮಾನ್ಯ ಅಳಿವೆ ಸಂರಕ್ಷಣಾಧಿಕಾರಿಗಳೇ,

ನೀರಿನ ಮಾದರಿ ತೆಗೆಯುವ ನಿಮ್ಮ ದೋಣಿ ಯಾವಾಗಲೂ ಉಬ್ಬರದ ಹೊತ್ತಿಗೇ ಬರುತ್ತದಲ್ಲ, ಏಕೆ? ಹೊಳೆ ಕಡಲು ಸೇರುವ ಈ ಅಳಿವೆಯ ದಡದಲ್ಲಿ ನನ್ನ ಹೊಲಿಗೆ ಅಂಗಡಿಯಿದೆ. ಮಷಿನ್ ತುಳಿಯುತ್ತಲೇ ಎಲ್ಲ ನೋಡುತ್ತಿರುತ್ತೇನೆ. ಕಡಲು ಒಳನುಗ್ಗಿ ಕೊಳೆಯನ್ನೆಲ್ಲ ಮರೆಮಾಡಿರುವಾಗ ಬಾಟಲಿ ತುಂಬಿಸಿಕೊಂಡು, ‘ನೀರು ಶುದ್ಧ’ ಎಂದು ಷರಾ ಬರೆದು ಹೊರಟುಬಿಡುತ್ತೀರಿ. ಈಗ ಫಲಕ ಬೇರೆ ನೆಟ್ಟಿದ್ದೀರಿ: ಅಳಿವೆ ಹಾಳಾಗಲು ಕಪ್ಪೆಚಿಪ್ಪು ಆಯುವವರೇ ಕಾರಣ, ಬರುವ ತಿಂಗಳಿಂದ ಯಾರೂ ಆಯುವಂತಿಲ್ಲ. ನೀರು ಅಷ್ಟು ಶುದ್ಧವಾಗಿದ್ದರೆ ಅಳಿವೆ ಹಾಳಾದದ್ದು ಹೇಗೆ, ಸ್ವಾಮಿ?

ಆಯುವವರಲ್ಲಿ ನನ್ನ ಅಕ್ಕನೂ ಒಬ್ಬಳು. ಅವಳ ಮನೆಯ ಒಲೆ ಉರಿಯುವುದೇ ಅದರಿಂದ. ಒಮ್ಮೆ ಇಳಿತದ ಹೊತ್ತಿಗೆ ನನ್ನನ್ನು ಎಳೆದುಕೊಂಡು ಹೋದಳು. ದಡದ ಮರಳಿನಿಂದ ತಣ್ಣನೆಯ ಸಿಹಿನೀರು ಜಿನುಗುತ್ತಿತ್ತು. ಜಿನುಗಿದಲ್ಲೆಲ್ಲ ಹಸಿರು ಲೋಳೆ, ಅದರಡಿ ಬಾಯ್ತೆರೆದು ಸತ್ತ ಚಿಪ್ಪುಗಳು.

“ಜಾಸ್ತಿ ಆಯ್ದುಬಿಟ್ಟೆನಂತೆ ಕಣೋ! ಆಯ್ದಿದ್ರೆ ಇವು ಇಲ್ಲಿ ಯಾಕೆ ಸತ್ತು ಬಿದ್ದಿರ್ತಿದ್ವು?” ಎಂದಳು. ಜಿನುಗುತ್ತಿದ್ದ ಆ ನೀರನ್ನು ಬಾಟಲಿಗೆ ತುಂಬಿಕೊಂಡೆ.

ಆ ನೀರನ್ನು ನಿಮ್ಮ ಕಚೇರಿಗೆ ತಂದೆ. “ಇದು ಅಂತರ್ಜಲ ಕಣ್ರೀ, ನಮ್ಮ ವ್ಯಾಪ್ತಿಗೆ ಬರಲ್ಲ. ಪಕ್ಕದ ಕಚೇರಿಗೆ ಹೋಗಿ,” ಎಂದರು ಗುಮಾಸ್ತರು. ಪಕ್ಕದವರು, “ಅಳಿವೆ ಸೇರಿದ್ಮೇಲೆ ನಮ್ಮದಲ್ಲ,” ಎಂದರು. ನೀರು ನಿಮ್ಮ ಇಲಾಖೆಗಳ ಗೋಡೆ ನೋಡಿಕೊಂಡು ಹರಿಯುತ್ತದೆಯೇ? ಕೊನೆಗೆ ಕಾಲೇಜಿನ ಮೇಷ್ಟ್ರು ಪರೀಕ್ಷಿಸಿದರು: ನೈಟ್ರೇಟ್ ವಿಪರೀತ. ಲೋಳೆ ಕೊಬ್ಬುವುದೂ ಅದರಡಿ ಚಿಪ್ಪುಗಳು ಉಸಿರುಗಟ್ಟಿ ಸಾಯುವುದೂ ಅದರಿಂದಲೇ ಅಂತೆ. ಹೊಲಗಳ ಗೊಬ್ಬರವೂ ಬಡಾವಣೆಯ ಶೌಚಗುಂಡಿಗಳ ನೀರೂ ನೆಲದೊಳಗಿನಿಂದ ಹರಿದು ಇಲ್ಲಿಗೇ ಬರುತ್ತವೆ. ಮೊದಲೂ ಬರುತ್ತಿದ್ದವು. ಆದರೆ ದಡದ ಕಪ್ಪು ಕೆಸರಿನಲ್ಲಿದ್ದ ಸೂಕ್ಷ್ಮಜೀವಿಗಳು ಆ ನೈಟ್ರೇಟಿನ ಬಹುಪಾಲನ್ನು ಅರಗಿಸಿಕೊಂಡು ಸಾರಜನಕವಾಗಿಸಿ ಗಾಳಿಗೆ ಬಿಡುತ್ತಿದ್ದವಂತೆ. ಸಂಬಳ, ಭತ್ಯೆ, ಬಡ್ತಿ ಯಾವುದನ್ನೂ ಕೇಳದ ನೌಕರರು! ಅವರನ್ನು ಮನೆಗೆ ಕಳಿಸಿದ್ದು ಯಾರು? ದಡ ಅಂದವಾಗಲಿ ಎಂದು ಹೋದ ವರ್ಷ ಆ ಕೆಸರನ್ನೆಲ್ಲ ಬಾಚಿಸಿ, ಬಿಳಿ ಮರಳು ಸುರಿಸಿದವರು ತಾವೇ ಅಲ್ಲವೇ? ಅದಾದ ಮೇಲೆಯೇ ಲೋಳೆ ಬಂದದ್ದು.

ಇದು ನಿಮಗೆ ಗೊತ್ತು, ಗೊತ್ತಿದ್ದೇ ಉಬ್ಬರ ಕಾಯುತ್ತೀರಿ ಎಂಬುದು ನನ್ನ ಗುಮಾನಿ. ಗೊತ್ತೇ ಇಲ್ಲ ಎನ್ನುವುದಾದರೆ, ನನಗೆ ಇನ್ನೂ ಹೆಚ್ಚು ಭಯ.

ಆದ್ದರಿಂದ ಮೊದಲು ಆ ಫಲಕ ಕೀಳಿಸಿ. ಬರುವ ಇಳಿತಕ್ಕೆ ದೋಣಿ ಬಿಟ್ಟು, ಪ್ಯಾಂಟು ಮಡಚಿಕೊಂಡು ನಡೆದು ಬನ್ನಿ. ಮರಳಿನಿಂದ ಜಿನುಗುವ ನೀರನ್ನೇ ನಮ್ಮೆದುರು ಬಾಟಲಿಗೆ ತುಂಬಿಸಿ. ನಿಮ್ಮನ್ನು ಕರೆಯುತ್ತಿದ್ದೇನೆಂದು ಅಕ್ಕನಿಗೆ ಹೇಳಿದೆ.

“ಬರ್ಲಿ. ಲೋಳೆ ಮೇಲೆ ಜಾರಿದ್ರೆ ನಾನೇ ಕೈ ಹಿಡ್ಕೋತೀನಿ,” ಎಂದಳು. “ನನ್ನ ಬುಟ್ಟಿ ಮಾತ್ರ ಕಿತ್ಕೋಬೇಡಿ ಅನ್ನು.”

ಇಂತಿ,
ಈ ಒಂದು ಸಲವಾದರೂ ತನ್ನ ಅನುಮಾನ ಸುಳ್ಳಾಗಲಿ ಎಂದು ಬಯಸುವ
ದಡದ ದರ್ಜಿ